ಜಿಲೇಬಿ ಗುರುತಿನ ಕೋವಿ

ವಡೋದರಾದ ಮಕರಪುರದಲ್ಲಿರುವ ಜಿಐಡಿಸಿ ಕೈಗಾರಿಕಾ ಬಡಾವಣೆಯಲ್ಲಿ ಕಾಯಿಲ್ ಸುತ್ತುವ ಸಣ್ಣ ಕಾರ್ಖಾನೆಗಳು ಬೇಕಾದಷ್ಟಿವೆ. ಅವುಗಳಲ್ಲೊಂದರಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ತಾಮ್ರದ ತಂತಿ ಸುತ್ತುತ್ತಿರುವ ಕೆಂಪಣ್ಣನಿಗೆ ಎರಡು ಹೆಮ್ಮೆಗಳಿದ್ದವು. ಒಂದು, ಅವನು ಸುತ್ತಿದ ಕಾಯಿಲ್ ಒಂದೂ ಕೆಟ್ಟು ವಾಪಸ್ ಬಂದಿರಲಿಲ್ಲ. ಎರಡು, ಅವನು ತಪ್ಪು ಹಿಡಿದ ಮೇಲೆ ಯಾವ ಕಥೆಗಾರನೂ ಮರುಮಾತಾಡಿರಲಿಲ್ಲ. ಎರಡನೆಯದನ್ನು ಅವನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳದಿದ್ದರೂ ಎದುರಿಗಿದ್ದವರಿಗೆ ತಿಳಿಯುವ ಹಾಗೆ ಕೂರುತ್ತಿದ್ದ.

ಮೊದಲನೆಯದರ ಕಥೆ ಹೀಗೆ. ಕಾಯಿಲ್ ಸುತ್ತಿ, ವಾರ್ನಿಷ್ ಹಾಕಿ, ಒಣಗಿಸಿ, ಪರೀಕ್ಷೆ ಮಾಡಿದ ಮೇಲೆ ಅದಕ್ಕೊಂದು ಚೀಟಿ ಕಟ್ಟುವುದು ಅಲ್ಲಿನ ಪದ್ಧತಿ. ಸುತ್ತಿದವನು ಆ ಚೀಟಿಯ ಮೇಲೆ ತನ್ನ ಗುರುತು ಹಾಕಬೇಕು. ನಾಳೆ ಕಾಯಿಲ್ ಸುಟ್ಟರೆ ಯಾರನ್ನು ಬೈಯಬೇಕೆಂದು ಗೊತ್ತಾಗಬೇಕಲ್ಲ. ಉಳಿದವರು ಇಂಗ್ಲಿಷಿನಲ್ಲೋ ಗುಜರಾತಿಯಲ್ಲೋ ಒಂದಕ್ಷರ ಗೀಚುತ್ತಿದ್ದರು. ಹರಿಹರದಲ್ಲಿ ಐಟಿಐ ಮುಗಿಸಿ ಬಂದಿದ್ದ ಕೆಂಪಣ್ಣ ಮೊದಲ ದಿನವೇ ಕೆಂಪು ಪೆನ್ನಿನಲ್ಲಿ ದುಂಡಗೆ ‘ಕೆಂ’ ಎಂದು ಬರೆದ. ಪಕ್ಕದ ಮೆಷಿನ್ನಿನ ರಮಣಭಾಯಿ ಚೀಟಿಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, “ಆ ತೋ ಜಲೇಬಿ ಛೇ” ಎಂದ. ಅಂದಿನಿಂದ ಅದು ಜಿಲೇಬಿ ಗುರುತೇ ಆಯಿತು. ಸೂರತ್‌ನ ಕತಾರ್‌ಗಾಮ್‌ನಿಂದ ವಜ್ರ ಉಜ್ಜುವವರೂ ಅಹಮದಾಬಾದಿನ ವಟ್ವಾದಿಂದ ಬಣ್ಣದ ಕಾರ್ಖಾನೆಯವರೂ ಫೋನು ಮಾಡಿ, ಕಳಿಸುವುದಾದರೆ ಜಿಲೇಬಿಯದೇ ಕಳಿಸಿ ಎನ್ನುತ್ತಿದ್ದರು.

ಎರಡನೆಯದಕ್ಕೆ ಕಾರಣ ಅಂಚೆಯಲ್ಲಿ ಬರುತ್ತಿದ್ದ ಒಂದು ಕನ್ನಡ ಮಾಸಪತ್ರಿಕೆ. ಅದರಲ್ಲಿ ತಿಂಗಳಿಗೊಂದು ವೈಜ್ಞಾನಿಕ ಕಥೆ ಇರುತ್ತಿತ್ತು. ಕಥೆಗಾರರಿಗೆಲ್ಲ ಅದೇನು ಗೀಳೋ, ನೂರು ವರ್ಷದ ಮುಂದಿನ ಯುದ್ಧ ಎಂದರೆ ಸಾಕು, ವಿದ್ಯುತ್ಕಾಂತದ ಕೋವಿ ಬಂದೇ ಬರುತ್ತಿತ್ತು. ಮದ್ದಿಲ್ಲದ, ಹೊಗೆಯಿಲ್ಲದ ಕೋವಿ. ತಂತಿಯ ಸುರುಳಿಯಲ್ಲಿ ಕರೆಂಟು ಹರಿದರೆ ಕಬ್ಬಿಣದ ಗುಂಡು ಛಂಗನೆ ಹಾರುತ್ತದೆ. ಅಲ್ಲಿಗೆ ಕಥೆಗಾರನ ವಿಜ್ಞಾನ ಮುಗಿಯಿತು. ಅಲ್ಲಿಂದ ಕೆಂಪಣ್ಣನದು ಶುರುವಾಗುತ್ತಿತ್ತು. ಸದ್ದೇ ಇಲ್ಲವೆಂದು ಬರೆದಿದ್ದೀರಿ, ಗುಂಡು ಗಾಳಿಯನ್ನು ಸೀಳಿಕೊಂಡು ಹೋದರೆ ಸದ್ದು ಬರದೆ ಇರುತ್ತದೆಯೇ? ನಾಯಕನ ಕೈ ಅಲುಗಲಿಲ್ಲವಂತೆ. ಗುಂಡು ಮುಂದಕ್ಕೆ ಹೋದರೆ ಕೋವಿ ಹಿಂದಕ್ಕೆ ಒದೆಯಲೇಬೇಕು, ಮದ್ದು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಜೇಬಿನಲ್ಲಿಟ್ಟುಕೊಂಡನಂತೆ, ಅಷ್ಟು ವಿದ್ಯುತ್ತು ಕೂಡಿಡುವ ಕೆಪಾಸಿಟರ್‌ಗಳು ಗೋಡ್ರೆಜ್ ಬೀರುವಿನಲ್ಲೂ ಹಿಡಿಸುವುದಿಲ್ಲ, ನಿಮ್ಮ ನಾಯಕನ ದರ್ಜಿ ಯಾರು? ಹೀಗೆ ಬರೆದು, ಕೆಳಗೆ ‘ಕೆಂಪಣ್ಣ, ವಡೋದರಾ’ ಎಂದು ಸಹಿ ಹಾಕುತ್ತಿದ್ದ. ಹದಿನೆಂಟು ವರ್ಷದಲ್ಲಿ ಅವನ ನಲವತ್ತೊಂದು ಪತ್ರ ಅಚ್ಚಾಗಿದ್ದವು. ಎಲ್ಲವನ್ನೂ ಕತ್ತರಿಸಿ ಫೈಲಿನಲ್ಲಿಟ್ಟಿದ್ದ.

ಇಷ್ಟೆಲ್ಲ ಬಲ್ಲವನು ತಾನೇ ಒಂದು ಕಥೆ ಬರೆಯಬಾರದೇ ಎಂದು ನೀವು ಕೇಳಬಹುದು. ಬರೆಯುತ್ತಿದ್ದ. ತರಸಾಲಿಯ ಅವನ ಮನೆಯ ಬೀರುವಿನಲ್ಲಿ, ಸೀರೆಗಳ ಕೆಳಗೆ, ರಟ್ಟಿನ ಹೊದಿಕೆಯ ನೋಟುಪುಸ್ತಕವೊಂದಿತ್ತು. ಅದು ಇರುವುದು ಹೆಂಡತಿ ಸೀತಾಳಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೂವತ್ತೆಂಟು ಪುಟ ಆಗಿತ್ತು. ಶತ್ರು ಎದುರಿಗೆ ನಿಂತಿದ್ದ, ನಾಯಕ ಗುರಿಯಿಟ್ಟಿದ್ದ, ಆದರೆ ಕೆಪಾಸಿಟರ್ ತುಂಬಲು ಹಿಡಿಯುವ ಹೊತ್ತು ಹಿಡಿಯಬೇಕಲ್ಲ. ಸುಳ್ಳು ಬರೆಯಲು ಕೆಂಪಣ್ಣನಿಗೆ ಮನಸ್ಸು ಬರಲಿಲ್ಲ. ಹೀಗಾಗಿ ಇಪ್ಪತ್ತೆರಡು ವರ್ಷದಿಂದ ಆ ಕೋವಿ ಚಾರ್ಜ್ ಆಗುತ್ತಲೇ ಇತ್ತು.

ಈ ಸ್ಥಿತಿಯಲ್ಲಿ ಸ್ಕಂದ ಬಂದ. ಮೈಸೂರಿನ ಹುಡುಗ, ಇಪ್ಪತ್ತೆಂಟರ ವಯಸ್ಸು. ಖಾಸಗಿ ವಿಮಾ ಕಂಪನಿಯಲ್ಲಿ ಕೆಲಸ, ಗೋತ್ರಿಯಲ್ಲಿ ಇನ್ನಿಬ್ಬರ ಜೊತೆ ಬಾಡಿಗೆಯ ಫ್ಲಾಟು. ಕನ್ನಡ ಸಂಘದ ಯುಗಾದಿ ಊಟದಲ್ಲಿ ಕಾರ್ಯದರ್ಶಿ ಅನಂತರಾಮರು ಅವನನ್ನು ಕರೆತಂದು, “ಕೆಂಪಣ್ಣ, ಇವರು ಕಾದಂಬರಿ ಬರೀತಿದ್ದಾರಂತೆ. ಕೋವಿದು. ನಿನ್ನ ಹತ್ರ ಮಾತಾಡಬೇಕಂತೆ” ಎಂದರು. ಅನಂತರಾಮರು ರೈಲ್ವೆಯಲ್ಲಿ ರಿಟೈರಾದವರು. ಎಲ್ಲರನ್ನೂ ಒಂದೊಂದು ಬೋಗಿಗೆ ಜೋಡಿಸಿದರೆ ಅವರಿಗೆ ಸಮಾಧಾನ.

“ನಿಮ್ಮ ಲೆಟರ್ಸ್ ಎಲ್ಲಾ ಓದಿದೀನಿ ಸರ್” ಎಂದ ಸ್ಕಂದ. “ನಿಮಗೆ ಹೆದರಿಕೊಂಡೇ ಇನ್ನೂ ಯಾವ ಪತ್ರಿಕೆಗೂ ಕಥೆ ಕಳಿಸಿಲ್ಲ.”

ಹೊಗಳಿಕೆಗೆ ಬೀಳದವರು ಯಾರು? ಮುಂದಿನ ಭಾನುವಾರವೇ ಮನೆಗೆ ಬಾ ಎಂದ ಕೆಂಪಣ್ಣ. ಮೂರನೆಯ ಭಾನುವಾರಕ್ಕೆ ‘ಸರ್’ ಹೋಗಿ ‘ಅಂಕಲ್’ ಆಯಿತು, ಸೀತಾ ‘ಆಂಟಿ’ ಆದಳು, ತಟ್ಟೆಯಲ್ಲಿ ಅವಲಕ್ಕಿ ಒಗ್ಗರಣೆ ಬಂತು.

ಕಾದಂಬರಿಯ ಹೆಸರು ‘ಗಾಳಿಯಿಲ್ಲದ ಕೋಟೆ’. ಚಂದ್ರನ ಮೇಲೊಂದು ಗಣಿಯೂರು. ಅದನ್ನು ಕಬಳಿಸಲು ಬರುವ ಒಂದು ಹಡಗು. ಊರಿನವರ ಬಳಿ ಇರುವುದು ಒಂದೇ ಒಂದು ವಿದ್ಯುತ್ಕಾಂತದ ಕೋವಿ, ಅದನ್ನು ನೋಡಿಕೊಳ್ಳುವ ಒಬ್ಬ ಮುದುಕ ಮೇಜರ್ ರುದ್ರ, ಮುದುಕನ ಕೈಕೆಳಗೆ ಕೆಲಸ ಕಲಿಯುವ ಒಬ್ಬಳು ಹುಡುಗಿ. ಕೆಂಪಣ್ಣ ಕಲಿಸಿದ, ಏನೂ ಬಚ್ಚಿಡದೆ ಕಲಿಸಿದ. ಚಂದ್ರನ ಮೇಲೆ ಗಾಳಿಯಿಲ್ಲದ್ದರಿಂದ ಸದ್ದು ಕೇಳುವುದಿಲ್ಲ, ಆದರೆ ಒದೆತ ಕಾಲಿನ ಕೆಳಗಿನ ನೆಲದಿಂದ ಮೈಗೆ ಬರುತ್ತದೆ ಎಂದ. ಗಾಳಿಯಿಲ್ಲದಿದ್ದರೆ ಕಾಯಿಲ್ ಬೇಗ ತಣಿಯುವುದೂ ಇಲ್ಲ, ಅದಕ್ಕೇ ಒಂದು ಸಲ ಹೊಡೆದರೆ ಇನ್ನೊಂದು ಸಲಕ್ಕೆ ಕಾಯಬೇಕು ಎಂದ. ಭಾರೀ ಕರೆಂಟು ಹರಿದಾಗ ಸುರುಳಿ ತನ್ನನ್ನು ತಾನೇ ಸಿಡಿಸಿಕೊಳ್ಳಲು ನೋಡುತ್ತದೆ, ಅದನ್ನು ಬಿಗಿದು ಕಟ್ಟದಿದ್ದರೆ ಶತ್ರುವಿಗಿಂತ ಮುಂಚೆ ನೀನೇ ಸಾಯುತ್ತೀಯೆ ಎಂದ. ಎರಡು ಹಳಿಗಳ ಮಧ್ಯೆ ಗುಂಡು ಓಡಿಸುವ ಬೇರೆ ಜಾತಿಯ ಕೋವಿಯೂ ಇದೆ, ಅದರ ಹಳಿ ಸವೆಯುವುದು ನೋಡಿದರೆ ಅನಂತರಾಮರೂ ಅಳುತ್ತಾರೆ ಎಂದ. ಸ್ಕಂದ ಎಲ್ಲವನ್ನೂ ಫೋನಿನಲ್ಲಿ ಟೈಪು ಮಾಡಿಕೊಳ್ಳುತ್ತಿದ್ದ.

ಒಂದು ಭಾನುವಾರ ಕೆಂಪಣ್ಣ ಕಾರ್ಖಾನೆಯಿಂದ ಒಂದು ಕಾಯಿಲ್ ತಂದು, ಊಟದ ಮೇಜಿನ ಮೇಲಿಟ್ಟು, ಅದರ ಬಾಯಿಗೆ ಒಂದು ಮೊಳೆ ಹಿಡಿದು, ಸ್ವಿಚ್ ಒತ್ತಿದ. ಮೊಳೆ ಟಕ್ಕನೆ ಒಳಗೆ ಹಾರಿತು. “ನೋಡಿದ್ಯಾ? ಇಷ್ಟೇ ಕೋವಿ ಅಂದ್ರೆ. ಮಿಕ್ಕಿದ್ದು ಮುಂದಿನ ವಾರ ಹೇಳ್ತೀನಿ” ಎಂದ. ಮೊಳೆ ಒಳಗೇ, ಸುರುಳಿಯ ನಟ್ಟನಡುವೆ ನಿಂತುಬಿಟ್ಟಿದೆ, ಆಚೆ ಬಂದಿಲ್ಲ ಎಂಬುದನ್ನು ಸ್ಕಂದ ಗಮನಿಸಲಿಲ್ಲ. ಮಿಕ್ಕಿದ್ದು ಅದೇ ಆಗಿತ್ತು. ಸುರುಳಿ ಕಬ್ಬಿಣವನ್ನು ತಳ್ಳುವುದಿಲ್ಲ, ತನ್ನ ನಡುವಿಗೆ ಎಳೆಯುತ್ತದೆ. ಗುಂಡು ನಡುವಿಗೆ ಮುಟ್ಟುವ ಮುಂಚೆಯೇ ಕರೆಂಟು ಕಡಿದುಬಿಟ್ಟರೆ ಬಂದ ವೇಗದಲ್ಲಿ ಅದು ಆಚೆಗೆ ಹೋಗುತ್ತದೆ. ಕಡಿಯದಿದ್ದರೆ ದಾಟಿ ಹೋಗುವ ಗುಂಡನ್ನು ಸುರುಳಿಯೇ ಹಿಂದಕ್ಕೆಳೆದು ಕೂರಿಸಿಕೊಳ್ಳುತ್ತದೆ. ಕಾಯಿಲ್ ಸುತ್ತುವವರಿಗೆ ಇದು ಅ ಆ ಇ ಈ ಎನ್ನುವಷ್ಟು ಸಾದಾ ಮಾತು.

ಮುಂದಿನ ವಾರ ಸ್ಕಂದ ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ. ಮೂರನೆಯ ವಾರ ಇನ್ನೂರು ಪುಟದ ಪ್ರಿಂಟ್‌ಔಟ್ ಹಿಡಿದುಕೊಂಡು ಬಂದ. “ಮುಗೀತು ಅಂಕಲ್. ಕೂತೆ, ಬಂದುಬಿಡ್ತು” ಎಂದ.

ಬಂದುಬಿಡ್ತು! ಆ ಮಾತು ಕೆಂಪಣ್ಣನಿಗೆ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಾಯಿತು. ಇಪ್ಪತ್ತೆರಡು ವರ್ಷ ತನಗೆ ಬಾರದ್ದು ಇವನಿಗೆ ಮೂರು ವಾರದಲ್ಲಿ ಬಂದುಬಿಡ್ತು. ಹೇಳಿಕೊಟ್ಟವನು ತಾನು, ಅವಲಕ್ಕಿ ತಿಂದವನು ಅವನು, ಬಂದದ್ದೂ ಅವನಿಗೇ. ಆದರೂ ತಡೆದುಕೊಂಡ. ಸೋಮವಾರದಿಂದ ಓದಲು ಕೂತ, ತಪ್ಪು ಹುಡುಕಲೆಂದೇ ಕೂತ. ಓದುತ್ತಾ ಹೋದಂತೆ ತಪ್ಪು ಸಿಗಲಿಲ್ಲ ಎನ್ನುವುದಕ್ಕಿಂತ ತಪ್ಪು ಹುಡುಕುವುದೇ ಮರೆತುಹೋಯಿತು. ತಾನು ಸಾವಿರ ಸಲ ಸುತ್ತಿದ ಕಾಯಿಲ್, ತಾನು ದಿನಾ ಮೂಗಿಗೆ ಎಳೆದುಕೊಳ್ಳುವ ವಾರ್ನಿಷ್ ವಾಸನೆ, ತಾನು ಬಾಯೊಳಗೇ ಎಣಿಸುವ ಸುತ್ತು, ಎಲ್ಲವೂ ಆ ಹಾಳೆಗಳಲ್ಲಿದ್ದವು, ಮತ್ತು ಚೆನ್ನಾಗಿದ್ದವು. ಕೆಟ್ಟದಾಗಿದ್ದರೆ ಕ್ಷಮಿಸಿಬಿಡುತ್ತಿದ್ದ.

ಬುಧವಾರ ಸಂಜೆ ಕಾರ್ಖಾನೆಯಿಂದ ಮನೆಗೆ ಬಂದರೆ ಮಗಳು ನಿಕಿತಾ ಸೋಫಾದ ಮೇಲೆ ಕಾಲು ಮಡಚಿ ಕೂತು ಆ ಪ್ರಿಂಟ್‌ಔಟ್ ಓದುತ್ತಿದ್ದಳು. ವಡೋದರಾದಲ್ಲಿ ಹುಟ್ಟಿ, ಇಲ್ಲೇ ಬಿ.ಎಸ್ಸಿ. ಓದುತ್ತಿದ್ದ ಹುಡುಗಿ. ಅಪ್ಪ ಬೇಸಿಗೆ ರಜದಲ್ಲಿ ಹೊಡೆದು ಬಡಿದು ಕಲಿಸಿದ ಅಕ್ಷರ ಬಿಟ್ಟರೆ ಕನ್ನಡದ ಗಂಧವಿಲ್ಲ. ವಯಸ್ಸು ಹತ್ತೊಂಬತ್ತಾದರೂ ಅವನ ಒಂದು ಪತ್ರವನ್ನೂ ಅವಳು ಓದಿರಲಿಲ್ಲ. ಫೈಲು ತೋರಿಸಿದರೆ “ಪಪ್ಪಾ, ಬಾದ್ ಮೇ” ಎನ್ನುತ್ತಿದ್ದಳು. ಈಗ ಸಾಲಿನ ಕೆಳಗೆ ಬೆರಳಿಟ್ಟು, ಒತ್ತಕ್ಷರಕ್ಕೆ ಎಡವುತ್ತಾ, ತುಟಿ ಅಲುಗಿಸುತ್ತಾ ಅರವತ್ತನೆಯ ಪುಟಕ್ಕೆ ಬಂದಿದ್ದಳು.

“ಪಪ್ಪಾ, ಈ ಮುದುಕ ಸತ್ತು ಹೋಗತ್ತಾ?” ಎಂದಳು, ತಲೆಯೆತ್ತದೆ. “ಹೇಳಬೇಡ, ಹೇಳಬೇಡ. ನಾನೇ ಓದತೀನಿ. ಯಾರ್, ಕಿತನಾ ಸ್ಲೋ ಓದತೀನಿ ನಾನು.”

ಕೆಂಪಣ್ಣ ಚಪ್ಪಲಿ ಬಿಟ್ಟು, ಕೈಕಾಲು ತೊಳೆದುಕೊಂಡು, ಬಚ್ಚಲಿನಲ್ಲೇ ಸ್ವಲ್ಪ ಹೊತ್ತು ನಿಂತ. ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಅವನಿಗೇ ಗೊತ್ತಾಯಿತು. ಹೊಟ್ಟೆಕಿಚ್ಚು ಎನ್ನುವ ಮಾತನ್ನು ಹಿರಿಯರು ಸುಮ್ಮನೆ ಕಟ್ಟಿಲ್ಲ; ಅದು ನಿಜವಾಗಿ ಹೊಟ್ಟೆಯಲ್ಲೇ ಇರುತ್ತದೆ, ಎಡಗಡೆ, ಸ್ವಲ್ಪ ಮೇಲೆ.

ತಪ್ಪು ಸಿಕ್ಕಿದ್ದು ಗುರುವಾರ, ನೂರ ತೊಂಬತ್ತೊಂದನೆಯ ಪುಟದಲ್ಲಿ. ಹಡಗು ಹತ್ತಿರ ಬಂದಿದೆ. ಒಂದೇ ಗುಂಡಿಗಾಗುವಷ್ಟು ಚಾರ್ಜ್ ಉಳಿದಿದೆ. ಕರೆಂಟನ್ನು ಯಾವ ಕ್ಷಣಕ್ಕೆ ಕಡಿಯಬೇಕೆಂದು ಹುಡುಗಿ ಯಂತ್ರದಲ್ಲಿ ಹೊಂದಿಸಬೇಕು, ಕೇಳುತ್ತಾಳೆ. ಮುದುಕ ಹೇಳುತ್ತಾನೆ: ‘ಗುಂಡು ಕೋವಿಯ ಬಾಯಿ ದಾಟುವವರೆಗೂ ಕರೆಂಟು ಕಡಿಯದ ಹಾಗೆ ಇಡು ಮಗಳೇ. ಕೊನೆಯವರೆಗೂ ಬಿಡಬಾರದು.’

ಕೆಂಪಣ್ಣ ಪೆನ್ನು ತೆಗೆದುಕೊಂಡ, ಮುಚ್ಚಳ ಬಿಚ್ಚಿದ, ಮತ್ತೆ ಮುಚ್ಚಿದ. ಇಡೀ ಕಾದಂಬರಿ ನಿಂತಿರುವುದೇ ಈ ಸಾಲಿನ ಮೇಲೆ. ಈ ಸಾಲಿನ ಪ್ರಕಾರ ಕೋವಿ ಹಾರಿಸಿದರೆ ಗುಂಡು ಸುರುಳಿಯೊಳಗೇ ಕೂತು, ಹಡಗು ಬಂದು, ಊರು ಸರ್ವನಾಶ. ಇದನ್ನು ಈಗ ಹೇಳಿದರೆ ಸ್ಕಂದ ಒಂದು ಗಂಟೆಯಲ್ಲಿ ತಿದ್ದಿಬಿಡುತ್ತಾನೆ, ಬಂದುಬಿಡುತ್ತದಲ್ಲ ಅವನಿಗೆ. ಅಚ್ಚಾದ ಮೇಲೆ ಹೇಳಿದರೆ? ಅದು ನಲವತ್ತೆರಡನೆಯ ಪತ್ರವಾಗುತ್ತದೆ, ಮಿಕ್ಕ ನಲವತ್ತೊಂದನ್ನೂ ನಾಚಿಸುವ ಪತ್ರ.

ಭಾನುವಾರ ಸ್ಕಂದ ಆ ಪುಟವನ್ನೇ ತೆರೆದ. “ಅಂಕಲ್, ಇದೊಂದು ನಂಗೆ ಗ್ಯಾರಂಟಿ ಇಲ್ಲ. ನೀವು ಮಿಕ್ಕಿದ್ದು ಹೇಳ್ತೀನಿ ಅಂದಿದ್ರಲ್ಲ, ನಾನು ಬರಲಿಲ್ಲ. ನಾನೇ ಊಹೆ ಮಾಡಿ ಬರೆದೆ. ಸರಿ ಇದೆಯಾ?”

ಅಡುಗೆಮನೆಯಲ್ಲಿ ಸೀತಾ ಒಗ್ಗರಣೆ ಹಾಕುತ್ತಿದ್ದಳು. ನಿಕಿತಾ ಸ್ಕಂದನ ಎದುರಿಗೆ ಕೂತು, “ಕ್ಲೈಮ್ಯಾಕ್ಸ್ ಮಸ್ತ್ ಇದೆ” ಎಂದಳು.

“ಸರಿ ಐತೆ ಕಣಪ್ಪ” ಎಂದ ಕೆಂಪಣ್ಣ.

“ಹಾಗಾದ್ರೆ ಕೊನೇ ಪುಟದಲ್ಲಿ ಚೀಟಿ ಕಟ್ಟಿಬಿಡಿ” ಎಂದು ಸ್ಕಂದ ನಕ್ಕು, ಕೆಂಪು ಪೆನ್ನು ಕೊಟ್ಟ. ಜಿಲೇಬಿ ಗುರುತಿನ ಕಥೆ ಅವನಿಗೆ ಗೊತ್ತಿತ್ತು. ಕೆಂಪಣ್ಣ ಕೊನೆಯ ಪುಟದ ಕೆಳಗೆ ದುಂಡಗೆ ‘ಕೆಂ’ ಎಂದು ಬರೆದ. ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ, ಸುಡುತ್ತದೆಂದು ಗೊತ್ತಿದ್ದ ಮಾಲಿಗೆ ಗುರುತು ಹಾಕಿದ.

ಪುಸ್ತಕ ಮೈಸೂರಿನಲ್ಲಿ ಅಚ್ಚಾಯಿತು, ಮುನ್ನೂರು ಪ್ರತಿ. ನವೆಂಬರಿನ ರಾಜ್ಯೋತ್ಸವದ ದಿನ ಸಂಘದಲ್ಲೇ ಬಿಡುಗಡೆ ಎಂದು ಅನಂತರಾಮರು ಗೊತ್ತುಮಾಡಿದರು. ಅದರ ಹಿಂದಿನ ಭಾನುವಾರ ಕೆಂಪಣ್ಣ ಬಾಗಿಲು ಹಾಕಿಕೊಂಡು ಪತ್ರ ಬರೆದ. ಇಷ್ಟು ಸಲೀಸಾಗಿ ಅವನ ಕೈಯಿಂದ ಯಾವುದೂ ಇಳಿದಿರಲಿಲ್ಲ. ಅವನಿಗೂ ಅವತ್ತು ಬಂದುಬಿಟ್ಟಿತು. ‘ಕೊನೆಯವರೆಗೂ ಕರೆಂಟು ಬಿಡಬಾರದು ಎಂದು ಹೇಳುವ ಈ ಮುದುಕ ಜನ್ಮದಲ್ಲಿ ತಂತಿ ಮುಟ್ಟಿದವನಲ್ಲ. ಇಂಥವನ ಕೈಗೆ ಕೋವಿ ಕೊಟ್ಟ ಲೇಖಕರು ಮೊದಲು ಒಂದು ಕರೆಗಂಟೆ ಬಿಚ್ಚಿ ನೋಡಲಿ’ ಎಂದು ಮುಗಿಸಿದ. ಬಿಡುಗಡೆಯ ಮರುದಿನವೇ ಅಂಚೆಗೆ ಹಾಕಬೇಕು. ತಾರೀಕು ಹಾಕಿ, ಸಹಿ ಮಾಡಿ, ಕವರಿನಲ್ಲಿಟ್ಟು, ಸಮಾರಂಭಕ್ಕೆ ಹೊರಡುವಾಗ ಅಂಗಿಯ ಜೇಬಿಗೆ ಸೇರಿಸಿಕೊಂಡ. ಬೇರೆಯವರು ಸ್ಕಂದನನ್ನು ಹೊಗಳುವಾಗ ಅದು ಎದೆಯ ಹತ್ತಿರ ಇದ್ದರೆ ತಣ್ಣಗಿರುತ್ತದೆ ಎಂದುಕೊಂಡ.

ಸಂಘದ ಸಭಾಂಗಣದಲ್ಲಿ ನೂರಿಪ್ಪತ್ತು ಜನ ಸೇರಿದ್ದರು. ಬ್ಯಾಂಕಿನವರು, ರೈಲ್ವೆಯವರು, ಹೊಸದಾಗಿ ಬಂದ ಹುಡುಗ ಹುಡುಗಿಯರು. ನಾಡಗೀತೆ ಆಯಿತು, ಮಕ್ಕಳ ಡ್ಯಾನ್ಸ್ ಆಯಿತು, ಹಾರ ತುರಾಯಿ ಆಯಿತು. ಅನಂತರಾಮರು ಮೈಕು ಹಿಡಿದು, “ಈಗೊಂದು ಗುಟ್ಟು ಹೇಳ್ತೀನಿ. ಈ ಕಾದಂಬರಿಯ ನಾಯಕರು ಚಂದ್ರನ ಮೇಲೂ ಇಲ್ಲ, ಎಲ್ಲೂ ಇಲ್ಲ. ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಕೆಂಪಣ್ಣ, ಮೇಲೆ ಬಾಪ್ಪ” ಎಂದರು.

ಕೆಂಪಣ್ಣನಿಗೆ ಅರ್ಥವಾಗಲಿಲ್ಲ. ಪಕ್ಕದವರು ಎಬ್ಬಿಸಿದರು. ವೇದಿಕೆಯ ಮೇಲೆ ಸ್ಕಂದ ಪುಸ್ತಕವನ್ನು ಬಿಡಿಸಿ ಅವನ ಕೈಗಿತ್ತು, “ಇದೊಂದು ಪುಟ ಓದಿ ಅಂಕಲ್. ಸರ್‌ಪ್ರೈಸ್ ಇರಲಿ ಅಂತ ಹೇಳಿರಲಿಲ್ಲ” ಎಂದ. ಮೈಕು ಬಾಯಿಯ ಹತ್ತಿರ ಬಂತು.

ಮೇಜರ್ ರುದ್ರ ಎಲ್ಲೂ ಇರಲಿಲ್ಲ. ಅವನಿದ್ದ ಕಡೆಯಲ್ಲೆಲ್ಲ ‘ಕೆಂಪಣ್ಣ’ ಎಂದಿತ್ತು. ಹರಿಹರದ ಕೆಂಪಣ್ಣ, ಕಾಯಿಲ್ ಸುತ್ತುವ ಕೆಂಪಣ್ಣ, ಕೋವಿಗೆ ಕೆಂಪು ಅಕ್ಷರದ ಚೀಟಿ ಕಟ್ಟುವ ಕೆಂಪಣ್ಣ. ಎದುರು ಪುಟದ ಕೆಳಗೆ ಅವನದೇ ಕೈಬರಹದ ‘ಕೆಂ’ ಅಚ್ಚಾಗಿತ್ತು, ಅದರ ಪಕ್ಕದಲ್ಲಿ ‘ಪರೀಕ್ಷಿಸಲಾಗಿದೆ’ ಎಂದಿತ್ತು.

ಓದತೊಡಗಿದ. ಧ್ವನಿ ತನ್ನದಲ್ಲವೆನಿಸಿತು. ಮೂರನೆಯ ಸಾಲಿನಲ್ಲಿ ಸೀತಾ ಸೆರಗಿನ ತುದಿ ಹಿಡಿದು ಕೂತಿದ್ದಳು. ನಿಕಿತಾ ಫೋನಿನಲ್ಲಿ ವಿಡಿಯೋ ತೆಗೆಯುತ್ತಾ ತುಟಿಯಲ್ಲಿ ಅವನ ಜೊತೆಗೇ ಓದುತ್ತಿದ್ದಳು. ಆ ಪುಟ ಅವಳಿಗೆ ಬಾಯಿಪಾಠ ಬರುತ್ತಿತ್ತು. ಹಡಗು ಹತ್ತಿರ ಬಂತು. ಒಂದೇ ಗುಂಡಿನ ಚಾರ್ಜ್ ಉಳಿಯಿತು. ಹುಡುಗಿ ಕೇಳಿದಳು. ಮುಂದಿನ ಸಾಲು ಅವನ ಕಣ್ಣೆದುರಿಗಿತ್ತು: ‘ಕೆಂಪಣ್ಣ ಹೇಳಿದ.’

ಏನು ಹೇಳಿದ? ಜನ್ಮದಲ್ಲಿ ತಂತಿ ಮುಟ್ಟದವನು ಹೇಳುವ ಮಾತು ಹೇಳಿದ. ಜೇಬಿನಲ್ಲಿದ್ದ ಕಾಗದ ಅದನ್ನೇ ಹೇಳುತ್ತಿತ್ತು, ಸಹಿ ಸಮೇತ. ಹೊಟ್ಟೆಕಿಚ್ಚು ಒಂದು ಕಡೆ ಇರಲಿ, ಈಗ ಆ ಸಾಲನ್ನು ಬಾಯಿಂದ ಆಡಬೇಕಲ್ಲ. ಅವನಿಗೆ ಸ್ಕಂದನ ನೆನಪೂ ಬರಲಿಲ್ಲ, ನಾಚಿಕೆಯ ನೆನಪೂ ಬರಲಿಲ್ಲ. ತಾನು ಕಟ್ಟಿದ ಕೋವಿಯಲ್ಲಿ ಗುಂಡು ಸಿಕ್ಕಿಹಾಕಿಕೊಂಡು ಒಂದು ಊರು ಸಾಯುತ್ತದೆ ಎನ್ನುವುದಷ್ಟೇ ಕಾಣಿಸಿತು.

“ಕೆಂಪಣ್ಣ ಹೇಳಿದ” ಎಂದು ಓದಿ ತಡೆದ. ಆಮೇಲೆ, ಪುಸ್ತಕದಲ್ಲಿ ಇಲ್ಲದ್ದನ್ನು ಓದಿದ: “ಗುಂಡು ನಡುವಿಗೆ ಮುಟ್ಟುವ ಮುಂಚೆಯೇ ಕರೆಂಟು ಕಡಿಯುವ ಹಾಗೆ ಇಡು ಮಗಳೇ. ಎಳೆದುಕೊಂಡವರೇ ಬಿಟ್ಟುಕೊಡಬೇಕು. ಇಲ್ಲದಿದ್ದರೆ ಅದು ಎಲ್ಲಿಗೂ ಹೋಗುವುದಿಲ್ಲ.”

ಮಿಕ್ಕ ಪುಟವನ್ನು ಇದ್ದ ಹಾಗೆಯೇ ಓದಿ ಮುಗಿಸಿದ. ಜೋರು ಚಪ್ಪಾಳೆ ಬಿತ್ತು. ನಿಕಿತಾ ಫೋನು ಕೆಳಗಿಳಿಸಿ ಹುಬ್ಬು ಗಂಟಿಕ್ಕಿಕೊಂಡಿದ್ದಳು. ಸ್ಕಂದ ಚಪ್ಪಾಳೆ ತಟ್ಟಲಿಲ್ಲ.

ಊಟಕ್ಕೆ ಎಲ್ಲರೂ ಹೊರಗಿನ ಶಾಮಿಯಾನಕ್ಕೆ ಹೋದರು. ಬಿಸಿಬೇಳೆಬಾತಿನ ಪಾತ್ರೆಯ ಹತ್ತಿರ ಸಾಲು ಬೆಳೆದಿತ್ತು. ಸ್ಕಂದ ಕೆಂಪಣ್ಣನನ್ನು ನೀರಿನ ಡ್ರಮ್ಮಿನ ಪಕ್ಕಕ್ಕೆ ಕರೆದ.

“ನೀವು ಓದಿದ್ದು ಸರಿನೋ, ನಾನು ಬರೆದಿದ್ದು ಸರಿನೋ?”

“ನಾನು ಓದಿದ್ದು.”

“ಇವತ್ತು ಗೊತ್ತಾಯ್ತಾ?”

“ಇಲ್ಲ. ಅವತ್ತೇ ಗೊತ್ತಿತ್ತು.”

ಹೇಗೆ ಹೇಳುವುದೆಂದು ತಿಳಿಯದೆ ಕೆಂಪಣ್ಣ ಜೇಬಿನಿಂದ ಕವರು ತೆಗೆದು ಕೊಟ್ಟ. ಸ್ಕಂದ ಅಲ್ಲೇ ಬಿಚ್ಚಿ ಓದಿದ, ತಾರೀಕನ್ನೂ ನೋಡಿದ, ಇನ್ನೊಂದು ಸಲ ಓದಿದ.

“ನೀನು ಬರೆದೆ. ನನ್ನ ಕೈಲಿ ಆಗಲಿಲ್ಲ” ಎಂದ ಕೆಂಪಣ್ಣ. “ನನ್ನ ಮಗಳು ನಿಂದು ಓದಿದ್ಲು. ಹೊಟ್ಟೆ ಉರೀತು ಕಣಪ್ಪ. ಅಷ್ಟೇ. ಬೇರೆ ಕಾರಣ ಇಲ್ಲ.”

“ನಿಮ್ಮ ಅಕ್ಷರ ತುಂಬಾ ದುಂಡಗಿದೆ ಅಂಕಲ್” ಎಂದು ಸ್ಕಂದ ಪತ್ರವನ್ನು ಮಡಚಿ ವಾಪಸ್ ಕೊಟ್ಟು, ಊಟ ಮಾಡದೆ ಬೈಕ್ ಹತ್ತಿ ಹೋದ.

ಮಾಡಿದ್ದುಣ್ಣೋ ಮಹಾರಾಯ. ಕಾಯಿಲ್ ಕೆಟ್ಟು ವಾಪಸ್ ಬಂದರೆ ಸುತ್ತಿದವನೇ ಬಿಚ್ಚಿ ಸರಿಮಾಡಿಕೊಡಬೇಕು, ಅದೂ ಅಲ್ಲಿನ ಪದ್ಧತಿ. ಕೆಂಪಣ್ಣನಿಗೆ ಆ ಕೆಲಸ ಎಂದೂ ಬಿದ್ದಿರಲಿಲ್ಲ. ಮರುದಿನ ಅನಂತರಾಮರ ಮನೆಗೆ ಹೋಗಿ ಅಲ್ಲಿ ಇರಿಸಿದ್ದ ಪುಸ್ತಕದ ಕಟ್ಟುಗಳನ್ನು ಬಿಚ್ಚಿಸಿದ. ಪ್ರತಿಯೊಂದರಲ್ಲೂ ಆ ಸಾಲಿನ ಮೇಲೆ ಅಳತೆಪಟ್ಟಿಯಿಟ್ಟು ಗೀಟು ಎಳೆದು, ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಸರಿಯಾದದ್ದನ್ನು ಬರೆದು, ಕೆಳಗೆ ಕೆಂಪು ಪೆನ್ನಿನಲ್ಲಿ ‘ಕೆಂ’ ಹಾಕಿದ. ದಿನಾ ಸಂಜೆ ಎರಡು ಗಂಟೆ. ಅನಂತರಾಮರು ಕಾರಣ ಕೇಳಿದರು, ಹೇಳಿದ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಮುಂದಿನ ಕಟ್ಟು ಬಿಚ್ಚಿಕೊಟ್ಟರು. ಬಿಡುಗಡೆಯ ದಿನ ಮಾರಿಹೋಗಿದ್ದ ನಲವತ್ತು ಪ್ರತಿಗಳದ್ದೇ ಕಷ್ಟವಾಯಿತು. ಅವಕ್ಕೆ ಮನೆಮನೆ ಸುತ್ತಬೇಕಾಯಿತು. ಪ್ರತಿ ಮನೆಯಲ್ಲೂ ಚಹಾ ಕೊಟ್ಟು, ಅಚ್ಚಿನ ತಪ್ಪೇ ಎಂದು ಕೇಳುತ್ತಿದ್ದರು. ಅಲ್ಲ, ನನ್ನ ತಪ್ಪು, ಗೊತ್ತಿದ್ದೂ ಹೇಳಿರಲಿಲ್ಲ ಎನ್ನುತ್ತಿದ್ದ. ಒಂದು ವಾರದಲ್ಲಿ ಇಡೀ ಸಂಘಕ್ಕೆ ಸುದ್ದಿ ಹಬ್ಬಿತು. ನಿಕಿತಾ ಎರಡು ದಿನ ಅವನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ತನ್ನ ಪ್ರತಿಯನ್ನು ತಂದು ಮುಂದಿಟ್ಟು, “ಇದರಲ್ಲಿ ಭೀ ಲಿಖೋ” ಎಂದಳು.

ಹೊಟ್ಟೆಯ ಕಿಚ್ಚು ಆರಿತೆಂದು ತಿಳಿಯಬೇಡಿ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ತಿದ್ದುತ್ತಾ ಕೂತಾಗ ಹಿಂದಿನ ಸಾಲು ಮುಂದಿನ ಸಾಲು ಕಣ್ಣಿಗೆ ಬೀಳುತ್ತಿತ್ತು, ಅವು ಚೆನ್ನಾಗಿಯೇ ಇದ್ದವು, ಪ್ರತಿ ಸಲವೂ ಚುರುಕ್ಕೆನ್ನುತ್ತಿತ್ತು. ಮುನ್ನೂರು ಸಲ ಚುರುಕ್ಕೆಂದಿತು.

ಸ್ಕಂದ ಬಂದದ್ದು ಐದನೆಯ ಭಾನುವಾರ. ಬೆಳಿಗ್ಗೆ ಹನ್ನೊಂದಕ್ಕೆ, ಮುಂಚೆ ಬರುತ್ತಿದ್ದ ಹೊತ್ತಿಗೇ. ಅವಲಕ್ಕಿ ಬೇಡ ಆಂಟಿ ಎಂದ. ಕೂತು, ತನ್ನ ಕೈಯಲ್ಲಿದ್ದ ತಿದ್ದಿದ ಪ್ರತಿಯನ್ನು ಮೇಜಿನ ಮೇಲಿಟ್ಟ.

“ಕ್ಷಮಿಸಿದೀನಿ ಅಂತ ಬಂದಿಲ್ಲ ಅಂಕಲ್” ಎಂದ. “ಒಂದು ಮಾತು ಹೇಳೋಣ ಅಂತ ಬಂದೆ. ‘ಎಳೆದುಕೊಂಡವರೇ ಬಿಟ್ಟುಕೊಡಬೇಕು.’ ಇಡೀ ಪುಸ್ತಕದಲ್ಲಿ ಎಲ್ಲರೂ ಅದೊಂದೇ ಸಾಲು ಹಿಡ್ಕೊಂಡು ಫೋನು ಮಾಡ್ತಿದಾರೆ. ಅಂಚಲ್ಲಿ ಪೆನ್ನಲ್ಲಿ ಬರೆದಿರೋದು. ನಂದಲ್ಲದ್ದು. ಒಂದು ತಿಂಗಳಿಂದ ನಂಗೆ ನಿದ್ದೆ ಇಲ್ಲ, ಅದು ನಂಗ್ಯಾಕೆ ಹೊಳೀಲಿಲ್ಲ ಅಂತ.”

ಕೆಂಪಣ್ಣನಿಗೆ ಆದ ಸಂತೋಷ ನಾಚಿಕೆಗೇಡು. ಮುಖ ಆ ಕಡೆ ತಿರುಗಿಸಿಕೊಂಡ. ಇನ್ನೊಬ್ಬನ ಹೊಟ್ಟೆ ತನ್ನಿಂದ ಉರಿಯುವುದು ಇಷ್ಟು ಹಿತವಾಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಕಾಫಿ ತಂದ ಸೀತಾ ಅಲ್ಲೇ ನಿಂತಳು. “ಇವರದ್ದೂ ಒಂದು ಕಥೆ ಐತೆ ಕಣಪ್ಪ” ಎಂದಳು. “ಬೀರುವಿನಾಗೆ, ನನ್ನ ಸೀರೆ ಕೆಳಗೆ. ಇಪ್ಪತ್ತೆರಡು ವರ್ಷದಿಂದ ಚಾರ್ಜ್ ಆಗ್ತಾ ಐತೆ.”

ಕೆಂಪಣ್ಣ ಹೆಂಡತಿಯ ಕಡೆ ನೋಡಿದ. ಅವಳು ಅವನ ಕಡೆ ನೋಡಲಿಲ್ಲ.

ಸ್ಕಂದ ಕಾಫಿ ಕುಡಿದು ಲೋಟ ಕೆಳಗಿಟ್ಟ. “ಕೊಡಿ, ಓದ್ತೀನಿ” ಎಂದ.

“ತಪ್ಪಿದ್ರೆ ಹೇಳ್ತೀಯ?” ಎಂದು ಕೇಳಿದ ಕೆಂಪಣ್ಣ.

“ನೋಡೋಣ” ಎಂದ ಸ್ಕಂದ. ಮುಖದಲ್ಲಿ ನಗು ಇರಲಿಲ್ಲ. “ನೀವು ನಂಗೆ ಹೇಳಿರಲಿಲ್ಲವಲ್ಲ.”

ಕೆಂಪಣ್ಣ ಎದ್ದು ಕೋಣೆಗೆ ಹೋದ. ಬೀರು ತೆರೆದ ಸದ್ದಾಯಿತು, ಆಮೇಲೆ ಮುಚ್ಚಿದ ಸದ್ದು, ಮತ್ತೆ ತೆರೆದ ಸದ್ದು. ಕೊನೆಗೆ ರಟ್ಟಿನ ನೋಟುಪುಸ್ತಕ ಹಿಡಿದು ಬಂದು ಸ್ಕಂದನ ಮುಂದೆ ಚಾಚಿದ. ಸ್ಕಂದ ಒಂದು ತುದಿ ಹಿಡಿದ. ಇನ್ನೊಂದು ತುದಿ ಕೆಂಪಣ್ಣನ ಕೈಯಲ್ಲೇ ಉಳಿಯಿತು.

“ಬಿಡ್ರೀ” ಎಂದಳು ಸೀತಾ.